ಕಂಬಳಿ ಬಾಕ್ಸ್

ಮಾರ್ಚ್ 2, ರವಿವಾರ

ವಾರದ ರಜೆ. ಬೆಳಿಗ್ಗೆಯಿಂದ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದೆ. ಧೂಳು ಊದಿದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು — ಸ್ಪ್ರೇ ಹೊಡೆದು ಆಡಿಸಿದೆ, ಸರಿಹೋಯಿತು. ವಾರವಿಡೀ ರಾಯಬಾಗದ ಡಿಪೋದಲ್ಲಿ ಬಸ್ಸಿನ ವೈರಿಂಗು, ರವಿವಾರ ಇದರದ್ದು. ಕಾಂಚನ ಕಸಬರಿಗೆ ಹಿಡಿದುಕೊಂಡು ಬಂದು ನಿಂತಳು. "ನನ್ನ ಮಿಕ್ಸರ್ ಕೆಟ್ಟ ತಿಂಗಳಾತು. ಅದನ್ನೂ ಹಿಂಗ ತೊಡಿ ಮ್ಯಾಲ ಇಟಗೊಂಡ ಒಂದಿನ ಒರಸ್ರಿ" ಅಂದಳು. ಸ್ಪ್ರೇ ಡಬ್ಬಿ ಮತ್ತೆ ಎತ್ತಿಕೊಂಡೆ. ಉತ್ತರ ಕೊಟ್ಟರೆ ಮಿಕ್ಸರ್ ತೊಡೆಗೇ ಬರುತ್ತದೆ.

ಹನ್ನೊಂದರ ಸುಮಾರಿಗೆ ಮಲಕಾರಿ ಟಂಟಂ ರಿಕ್ಷಾದಲ್ಲಿ ಬಾಕ್ಸ್ ಹಾಕಿಕೊಂಡು ಬಂದ. ಲಗ್ನದ ಸೀಸನ್ ಬಂತು, ಒಮ್ಮೆ ಜೋಡಿಸಿ ನೋಡಬೇಕಿತ್ತು. ಆಂಪ್ಲಿ ನನ್ನದು, ಬಾಕ್ಸ್ ಅವನದು. ಆಂಪ್ಲಿಗೆ ಎರಡು ತೂತು — ಒಂದಕ್ಕೆ ನನ್ನ ಗಿಟಾರ್, ಇನ್ನೊಂದಕ್ಕೆ ಅವನ ಬೆಂಜೊ. ಎರಡೂ ಕೂಡಿ ಅವನ ಬಾಕ್ಸಿನಿಂದ ಹೊರಗೆ. ಒಂಬತ್ತು ವರ್ಷದಿಂದ ಹೀಗೆಯೇ. ಅವನ ಬಾಕ್ಸ್ ಇಲ್ಲದೆ ನನ್ನ ಆಂಪ್ಲಿ ಬಾಯಿ ಬಿಡದು, ನನ್ನ ಆಂಪ್ಲಿ ಇಲ್ಲದೆ ಅವನ ಬಾಕ್ಸ್ ಕೂರಲಿಕ್ಕೆ ಸ್ಟೂಲ್.

ಬಾಕ್ಸನ್ನು ಅವನೇ ಮಾಡಿದ್ದು. ಒಳಗೆ ಹನ್ನೆರಡು ಇಂಚಿನ ಎರಡು ಸ್ಪೀಕರ್. ಮುಂದಿನ ಜಾಳಿಗೆಗೆ ಎಲ್ಲರೂ ಅಂಗಡಿಯ ಕರಿ ಬಟ್ಟೆ ಹೊಡೆಸುತ್ತಾರೆ. ಇವನು ಕಂಬಳಿ ಹೊಡೆದಿದ್ದಾನೆ! ಕುರಿ ಮನೆತನ. ಅವರವ್ವ ಸಾವಿತ್ರೆವ್ವ ನೂತ ಉಣ್ಣೆ, ಬೇಕಂತಲೇ ಜಾಳಾಗಿ ನೇಯಿಸಿದ್ದು. ಮೊದಮೊದಲು ಜನ ನಕ್ಕರು. ದನಿ ಕೇಳಿದ ಮೇಲೆ ಸುಮ್ಮನಾದರು. ಬೆಂಜೊದ ಚೂಪು ಕಿವಿಗೆ ಚುಚ್ಚುವುದಿಲ್ಲ ಅದರಲ್ಲಿ.

ಇವತ್ತೂ ಹಾಗೇ ಬಂತು. ಎದುರುಮನೆಯ ಗುರಪ್ಪ ಕಾಕಾ "ಏ, ಕಡಿಮಿ ಮಾಡ್ರ್ಯೋ, ನ್ಯೂಸ್ ಕೇಳವಲ್ದು" ಅಂತ ಕೂಗಿದ. ಐದು ತಾಲೂಕಿನಲ್ಲಿ ಈ ಜೋಡಿ ಇಲ್ಲ. ಯಾರು ಬೇಕಾದರೂ ಬಂದು ಕೇಳಲಿ.

ಮಾರ್ಚ್ 16, ರವಿವಾರ

ರಾಯಬಾಗದಲ್ಲಿ ಲಗ್ನ ಬಾರಿಸಿದೆವು. ಚಲೋ ಆಯಿತು. ಆಮೇಲೆ ಒಬ್ಬ ಬಂದ. ಚಿಕ್ಕೋಡಿಯವನು, ಶಿವರಾಜ ಅಂತ. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಸ್ವಂತ ಬೆಂಜೊ ಪಾರ್ಟಿ ಕಟ್ಟಿದ್ದಾನಂತೆ, ತಾನೇ ಗಿಟಾರ್ ಬಾರಿಸುತ್ತಾನಂತೆ. ಬಂದವನೇ ಧೂಳಿನಲ್ಲಿ ಮಂಡಿಯೂರಿ ಕೂತು ಕಂಬಳಿಗೆ ಕಿವಿ ಹಚ್ಚಿದ.

"ಏಕದಮ್ ಮಸ್ತ ಐತಿ ಭಾವು, ಈ ಬಾಕ್ಸ. ಯಾರ ಮಾಡಿದ್ದ?"

ಮಲಕಾರಿ ನಾಚಿಕೊಂಡು, "ನಾನ ಮಾಡೀನ್ರಿ" ಅಂದ. ಹಲ್ಲು ಅಷ್ಟೂ ಕಂಡವು.

ಶಿವರಾಜ ಮುಟ್ಟಿ ನೋಡಿದ, ತಟ್ಟಿ ನೋಡಿದ, ಕಂಬಳಿ ಸವರಿದ. ಮೇಲೆಯೇ ಇದ್ದ ನನ್ನ ಆಂಪ್ಲಿಯ ಬಗ್ಗೆ ಒಂದೇ ಒಂದು ಮಾತಿಲ್ಲ. ಬಾಕ್ಸ್ ಏನು ತಾನಾಗಿಯೇ ಹಾಡುತ್ತದೆಯೇ? ಹೊರಡುವಾಗ ಮಾತ್ರ ನನ್ನ ಕಡೆ ತಿರುಗಿ ಕೈಮುಗಿದು, "ನಿಮ್ಮದೂ ಚಲೋ ಇತ್ರಿ ಅಣ್ಣಾ" ಅಂದ.

ನಿಮ್ಮದೂ ಅಂತೆ.

ಮಾರ್ಚ್ 20

ಮಲಕಾರಿ ಡಿಪೋದ ಗೇಟಿಗೇ ಬಂದಿದ್ದ. ಮನೆಗೆ ಬರಬಹುದಿತ್ತಲ್ಲ. ಆಗಲೇ ತಿಳಿಯಿತು ಏನೋ ಇದೆ ಅಂತ.

"ಚಿಕ್ಕೋಡಿ ಶಿವರಾಜ ಕರದಾನೋ. ಬಾಕ್ಸ ತೊಗೊಂಡ ಬಾ ಅಂತಾನ. ಬೆಂಜೊಕ್ಕೂ ನೀನ ಕುಂಡ್ರು ಅಂತಾನ."

"ಗಿಟಾರಿಗೆ?"

"ಅವನ ಬಾರಸ್ತಾನಲ್ಲ."

"ಆಂಪ್ಲಿ?"

"ಅಂವಂದ ಐತಿ. ಹೊಸಾದು." ಗೇಟಿನ ಕಂಬಿ ಹಿಡಿದು, "ಹೋಗ್ಲ್ಯಾ? ನೀ ಬ್ಯಾಡಂದ್ರ ಇಲ್ಲ" ಅಂದ.

ಬೇಡ ಅನ್ನಬೇಕಿತ್ತು. ಬಾಯಲ್ಲಿ ಇತ್ತು ಆ ಮಾತು. ಆದರೆ ಮಂದಿ ಏನಂದಾರು — ಹೆಂಡತಿಯನ್ನು ತವರಿಗೆ ಕಳಿಸದವನಂತೆ ಕಂಡೇನು. "ಹೋಗೋ ಮಾರಾಯಾ. ನಂದೇನ ತಕರಾರ ಐತಿ? ಬೆಳೀಬೇಕ ಮನಷಾ" ಅಂದೆ. ಹಿರಿಯರ ಹಾಗೆ ಬೆನ್ನು ಬೇರೆ ತಟ್ಟಿದೆ. ನನ್ನ ಕೈಯನ್ನು ನಾನೇ ಕಡಿದುಕೊಳ್ಳಬೇಕು ಅನ್ನಿಸಿತು ಆಮೇಲೆ.

ಅವನ ಮುಖ ಅರಳಿದ್ದು ನೋಡಿದೆ. ನಾನು ಬೇಡ ಅನ್ನಲಿ ಅಂತ ಅವನಿಗೆ ಸ್ವಲ್ಪವೂ ಇರಲಿಲ್ಲ.

ಮಾರ್ಚ್ 25

ಸ್ಟೇಟಸ್ ಹಾಕಿದ್ದಾನೆ. ಕಂಬಳಿ ಬಾಕ್ಸ್, ಅದರ ಮೇಲೆ ಶಿವರಾಜನ ಆಂಪ್ಲಿ. ನೀಲಿ ಲೈಟು. ಬಾಕ್ಸಿನ ಪಕ್ಕ ಶಿವರಾಜ, ಕೈ ಬಾಕ್ಸಿನ ಮೇಲೆ. ಇತ್ತ ಮಲಕಾರಿ, ಕೈ ಶಿವರಾಜನ ಹೆಗಲ ಮೇಲೆ. ಕೆಳಗೆ ಬರಹ — "ಹೊಸ ಜೋಡಿ".

ಎಷ್ಟು ಸಲ ತೆರೆದು ನೋಡಿದೆನೋ. ಪುಣ್ಯಕ್ಕೆ ಹಾಕಿದವನಿಗೆ ನೋಡಿದವನ ಹೆಸರು ಮಾತ್ರ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ.

ಆ ಬಾಕ್ಸಿನ ಮೇಲೆ ನನ್ನ ಆಂಪ್ಲಿ ಕೂತು ಕೂತು ನಾಲ್ಕು ಕಾಲಿನ ಗುರುತು ಬಿದ್ದಿದೆ. ಶಿವರಾಜನ ಆಂಪ್ಲಿಯ ಕಾಲು ಆ ಗುರುತಿಗೆ ಕೂಡುವುದಿಲ್ಲ, ಫೋಟೋದಲ್ಲಿ ಸ್ಪಷ್ಟ ಕಾಣುತ್ತದೆ. ಅದೊಂದು ಸಮಾಧಾನ.

ಕಾಂಚನಳಿಗೆ ತೋರಿಸಿದೆ. "ಚಂದ ಬಂದೈತಿ ಫೋಟೋ" ಅಂದಳು. ನನ್ನ ಮುಖ ನೋಡಿ ನಗು ತಡೆದುಕೊಂಡಳು. "ಅಲ್ರಿ, ನಾ ಯಾರ ಜೋಡಿ ಓಡಿ ಹೋದ್ರೂ ನೀವು ಇಷ್ಟ ಸೊರಗೂದಿಲ್ಲ."

ಏಪ್ರಿಲ್ 3

ನನಗೂ ಬಾಕ್ಸ್ ಸಿಗುವುದಿಲ್ಲವೇ? ಲೋಕದಲ್ಲಿ ಒಂದೇ ಬಾಕ್ಸ್ ಏನು? ರಜೆ ಹಾಕಿ ಅಥಣಿಗೆ ಹೋದೆ. ಅಣ್ಣಾಸಾಬನ ಸೌಂಡ್ ಅಂಗಡಿ. ಆಂಪ್ಲಿಯನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಂಡಕ್ಟರ್ ನಮ್ಮ ಡಿಪೋದವನೇ, "ಏನ್ರಿ, ಕೂಸಿಗೆ ಆರಾಮಿಲ್ಲೇನು?" ಅಂದ.

ಅಣ್ಣಾಸಾಬ ಮೊದಲು ಕೇಳಿದ್ದೇ, "ಎಷ್ಟ ಓಮ್‌ದು ಬೇಕ್ರಿ?"

ನಾಲ್ಕು. ನನ್ನ ಆಂಪ್ಲಿಯ ಪೂರಾ ಗಂಟಲು ತೆರೆಯುವುದು ನಾಲ್ಕು ಓಮಿಗೆ ಮಾತ್ರ. ಓಮ್ ಅಂದರೆ ಬಾಕ್ಸ್ ಎಷ್ಟು ತಡೆ ಕೊಡುತ್ತದೆ ಅನ್ನುವುದು. ತಡೆ ಹೆಚ್ಚಾದರೆ ದನಿ ಮೆತ್ತಗೆ. ಕಡಿಮೆಯಾದರೆ ಜೋರು — ಆದರೆ ಆಂಪ್ಲಿಗೆ ಆ ತಾಕತ್ತು ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಹೋದ ಕಬ್ಬಿನ ಟ್ರ್ಯಾಕ್ಟರ್. ಕಾದು ಕಾದು ಒಳಗೆ ಸುಟ್ಟುಹೋಗುತ್ತದೆ.

ಮಲಕಾರಿಯ ಬಾಕ್ಸ್ ಮೊದಲು ಹದಿನಾರು ಓಮ್ ಇತ್ತು. ಎಂಟೆಂಟು ಓಮಿನ ಎರಡು ಸ್ಪೀಕರ್ ಒಂದರ ಹಿಂದೆ ಒಂದು ಜೋಡಿಸಿದ್ದರು. ಅದರಲ್ಲಿ ನನ್ನ ಆಂಪ್ಲಿ ಪಿಸುಗುಟ್ಟುತ್ತಿತ್ತು. ಎರಡು ವರ್ಷದ ಹಿಂದೆ ನಾನೇ ಬಿಚ್ಚಿ, ಎರಡನ್ನೂ ಅಕ್ಕಪಕ್ಕ ಜೋಡಿಸಿ ನಾಲ್ಕು ಮಾಡಿದೆ. ಮಲಕಾರಿ ಮುಂದೆಯೇ ಕೂತಿದ್ದ. "ಜೋರ ಬಂತಲ್ಲ, ಸಾಕು" ಅಂದು ಎದ್ದು ಹೋದ. ಮರದ ಕೆಲಸ ಅವನದು, ವೈರಿನ ಕೆಲಸ ನನ್ನದು, ಹಾಗೇ ನಡೆದುಬಂದಿದೆ. ಬಾಕ್ಸಿನ ಹಿಂದೆ ಪೇಂಟರ್ ಬರೆದ "16" ಇನ್ನೂ ಇದೆ. ಅಳಿಸಲಿಲ್ಲ. ಬೇರೆ ಯಾರೂ ಅದಕ್ಕೆ ಕೇಬಲ್ ಚುಚ್ಚುತ್ತಿರಲಿಲ್ಲವಲ್ಲ.

ಅಣ್ಣಾಸಾಬ ಸಾಲಾಗಿ ತೋರಿಸಿದ. ಒಂದು ಬಾಕ್ಸ್ ಗೊಗ್ಗರು. ಒಂದು ಬಹಳ ಕಿರುಚುತ್ತದೆ. ಮತ್ತೊಂದು ನೋಡಲಿಕ್ಕೆ ಲಕ್ಷಣ, ಬಾಯಿ ತೆಗೆದರೆ ಮುಗಿಯಿತು. ಕನ್ಯೆ ನೋಡಲು ಹೋದ ಎರಡನೇ ಸಂಬಂಧದವನ ಹಾಗೆ ಚಹಾ ಕುಡಿಯುತ್ತ ಎಲ್ಲದಕ್ಕೂ ಏನಾದರೊಂದು ತೆಗೆದೆ. ಕೊನೆಗೆ ಒಂದನ್ನು ತಿಂಗಳ ಮಟ್ಟಿಗೆ ನೋಡಲು ತಂದೆ.

ಏಪ್ರಿಲ್ 6, ರವಿವಾರ

ಅಥಣಿ ಬಾಕ್ಸ್ ಹಚ್ಚಿ ಬಾರಿಸಿದೆ. ಎಲ್ಲ ತಿರುಗಿಸಿ ನೋಡಿದೆ. ಬೇಸ್ ಏರಿಸಿದೆ, ಟ್ರೆಬಲ್ ಇಳಿಸಿದೆ, ಗೋಡೆಗೆ ಇಟ್ಟೆ, ಮಂಚಕ್ಕೆ ಇಟ್ಟೆ.

ಕಾಂಚನ ಒಳಗಿನಿಂದ — "ತಗಡಿನ ಮ್ಯಾಲ ಜ್ವಾಳಾ ಸುರವಿದಂಗ ಕೇಳತೈತ್ರಿ."

ಅವಳಿಗೇನು ತಿಳಿಯುತ್ತದೆ ಅಂದುಕೊಂಡೆ. ಆದರೆ ಹಾಗೇ ಕೇಳುತ್ತಿತ್ತು. ಮನೆಯ ಒಂದು ಹಳೆಯ ಕಂಬಳಿ ತೆಗೆದು ಬಾಕ್ಸಿನ ಮುಂದೆ ಹೊದಿಸಿ ಬಾರಿಸಿದೆ. ಕಂಬಳಿ ಹೊದ್ದ ಜ್ವರದವನು ಹಾಡಿದ ಹಾಗಾಯಿತು. ತೆಗೆದಿಟ್ಟೆ. ಯಾರೂ ನೋಡಲಿಲ್ಲ.

ಏಪ್ರಿಲ್ 14

ಊರಲ್ಲಿ ಬಾಬಾಸಾಹೇಬರ ಜಯಂತಿ. ಮಲಕಾರಿ ಬಂದಿದ್ದ. ಬಾಕ್ಸೂ ಬಂದಿತ್ತು. ಪ್ರತಿ ವರ್ಷದ ಹಾಗೆ ಇಬ್ಬರೂ ಟ್ರೇಲರ್ ಮೇಲೆ ಕೂತೆವು. ಆಂಪ್ಲಿಯನ್ನು ಅದರ ಗುರುತಿನ ಮೇಲೆ ಇಟ್ಟೆ, ಸರಿಯಾಗಿ ಕೂತಿತು. ಎದೆಯೊಳಗಿನ ಉರಿ ಸ್ವಲ್ಪ ಇಳಿಯಿತು. ನಮ್ಮ ಅಲಖನೂರ ಮಂದಿ ಕುಣಿದದ್ದೇ ಕುಣಿದದ್ದು.

ಓಣಿ ತಿರುಗುವಾಗ ಮಲಕಾರಿ ಬಗ್ಗಿ ನನ್ನ ಕಿವಿಯಲ್ಲಿ, "ಶಿವರಾಜನ ಆಂಪ್ಲಿದಾಗ ಕೆಳಗಿನ ಸುರ ಭಾಳ ಛಲೋ ಬರತಾವೋ. ನೀ ಒಮ್ಮಿ ಕೇಳಬೇಕ" ಅಂದ.

ಒಳ್ಳೆಯ ಮನಸ್ಸಿನಿಂದಲೇ ಅಂದ. ಅದೇ ತಡೆಯಲಿಕ್ಕಾಗುವುದಿಲ್ಲ. ಮುಚ್ಚಿಟ್ಟು ಮೋಸ ಮಾಡಿದ್ದರೆ ಬೈಯಬಹುದಿತ್ತು. ಇವನು ಎದುರಿಗೇ ಕೂತು, ನಮ್ಮ ಜಯಂತಿಯ ದಿನ, ನನ್ನ ಆಂಪ್ಲಿಗೆ ಬೆಂಜೊ ಚುಚ್ಚಿಕೊಂಡೇ ಇನ್ನೊಬ್ಬನದನ್ನು ಹೊಗಳುತ್ತಾನೆ. ಮುಂದಿನ ಹಾಡಿಗೆ ಗಿಟಾರ್ ಜೋರು ಮಾಡಿದೆ. ಅವನ ಬೆಂಜೊ ಕೇಳದಷ್ಟು ಜೋರು. ಅವನು ತಿರುಗಿ ನೋಡಿ ನಕ್ಕ, ಹುರುಪಿನಲ್ಲಿ ಇದ್ದೇನೆ ಅಂದುಕೊಂಡ.

ಏಪ್ರಿಲ್ 17

ಸಂಜೆ ಮಲಕಾರಿ ಫೋನ್ ಮಾಡಿದ. ಚಿಕ್ಕೋಡಿಯಿಂದ. ಹಿಂದೆ ಶಿವರಾಜ ಮಾತಾಡುವುದು ಕೇಳುತ್ತಿತ್ತು.

"ವಿಶ್ವಾಸಾ, ಇಂವನ ಆಂಪ್ಲಿ ಬಿಸಿ ಆಗಾಕತ್ತೈತಿ. ಸಣ್ಣಗ ಇಟ್ಟ ಬಾರಸಿದ್ರ ಏನಿಲ್ಲ, ಜೋರ ಮಾಡಿದ್ರ ಮುಟ್ಟಾಕ ಬರವಲ್ದು. ಬಾಕ್ಸ ಎಷ್ಟ ಓಮ್ ಅಂತ ಕೇಳಾಕತ್ತಾನ. ಎಂಟಕ್ಕಿಂತ ಕಡಿಮಿ ಇದ್ರ ಇದಕ್ಕ ನಡಿಯೂದಿಲ್ಲಂತ. ನಮ್ಮ ಬಾಕ್ಸ ಎಷ್ಟೋ?"

ನಮ್ಮ ಬಾಕ್ಸ್. ಅಲ್ಲಿ ನಿಂತು ನಮ್ಮ ಬಾಕ್ಸ್ ಅನ್ನುತ್ತಾನೆ.

"ಹಿಂದ ಬರದೈತಿ, ನೋಡು" ಅಂದೆ.

ನೋಡಿದ. "ಹದಿನಾರ ಐತಿ."

"ಮತ್ತ?" ಅಂದೆ.

"ಹಂಗಾದ್ರ ಏನೂ ಫಿಕೀರ ಇಲ್ಲ ಬಿಡು" ಅಂದು ಇಟ್ಟ. "ಊಟಾ ಆತಿಲ್ಲೋ?" ಅಂತಲೂ ಕೇಳಿದ, ಇಡುವ ಮೊದಲು.

ಸುಳ್ಳು ಹೇಳಿಲ್ಲ. ಹಿಂದೆ ಬರೆದದ್ದು ನಿಜ. ಬರೆದದ್ದು ಹದಿನಾರು ಅನ್ನುವುದೂ ನಿಜ. ನಾನು ಹದಿನಾರು ಅಂತ ಬಾಯಿಬಿಟ್ಟು ಅಂದಿಲ್ಲ, ಹೌದು ಅಂತಲೂ ಅಂದಿಲ್ಲ. "ಮತ್ತ?" ಅಂತ ಕೇಳುವುದು ಉತ್ತರ ಅಲ್ಲ, ಪ್ರಶ್ನೆ.

ಕಾಂಚನ ತಾಟು ತೆಗೆಯುತ್ತ, "ಇವತ್ತ ಎರಡ ರೊಟ್ಟಿ ಜಾಸ್ತಿ ಹೋದೂವು. ಏನ ವಿಶೇಷ?" ಅಂದಳು. ಹಸಿವಾಗಿತ್ತು ಅಂದೆ. ತಿಂಗಳಾದ ಮೇಲೆ ಹಸಿವಾಗಿತ್ತು, ಅದೂ ನಿಜ.

ಏಪ್ರಿಲ್ 18

ಡ್ಯೂಟಿ. ಏನೂ ಇಲ್ಲ. ಮಿಕ್ಸರ್ ರಿಪೇರಿ ಮಾಡಿಕೊಟ್ಟೆ.

ಏಪ್ರಿಲ್ 21

ನಿಪ್ಪಾಣಿಯಲ್ಲಿ 27ಕ್ಕೆ ಜಯಂತಿಯ ದೊಡ್ಡ ಮೆರವಣಿಗೆ. ಶಿವರಾಜನ ಪಾರ್ಟಿಯೇ ಬಾರಿಸುವುದು. ಮಲಕಾರಿ ಸ್ಟೇಟಸ್ ಹಾಕಿದ್ದಾನೆ. ಬ್ಯಾನರಿನಲ್ಲಿ ಅವನ ಹೆಸರು ಎರಡನೆಯದು, ಫೋಟೋ ಸಹಿತ. ನಮ್ಮ ಪಾರ್ಟಿಗೆ ಎಂದೂ ಬ್ಯಾನರ್ ಇರಲಿಲ್ಲ.

ನಿಪ್ಪಾಣಿ! ನಾವಿಬ್ಬರೂ ಎಷ್ಟು ವರ್ಷದಿಂದ ಅಂದುಕೊಳ್ಳುತ್ತಿದ್ದೆವು — ಒಮ್ಮೆ ನಿಪ್ಪಾಣಿಯಲ್ಲಿ ಬಾರಿಸಬೇಕು. ಅಲ್ಲಿಯ ಜನಕ್ಕೆ ಬೆಂಜೊ ಕಿವಿಯಿದೆ. ತಪ್ಪು ಬಾರಿಸಿದರೆ ಕುಣಿಯುವುದು ನಿಲ್ಲಿಸಿ ಮುಖ ನೋಡುತ್ತಾರೆ. ಸರಿ ಬಾರಿಸಿದರೆ ಹೆಸರು ಕೊಲ್ಲಾಪುರದವರೆಗೆ ಹೋಗುತ್ತದೆ.

ಈಗ ಅವನು ಹೊರಟ. ಬಾಬಾಸಾಹೇಬರ ಮೆರವಣಿಗೆ, ನಮ್ಮ ಹಬ್ಬ, ಮತ್ತು ನಾನು ಮನೆಯಲ್ಲಿ. ಆ ನೀಲಿ ಲೈಟಿನ ಆಂಪ್ಲಿ ನಾಲ್ಕು ಓಮಿನ ಮೇಲೆ ಪೂರಾ ವಾಲ್ಯೂಮಿನಲ್ಲಿ ಎಷ್ಟೊತ್ತು ತಡೆಯುತ್ತದೆ? ಮಧ್ಯಾಹ್ನದ ಬಿಸಿಲು, ಟ್ರೇಲರಿನ ಮೇಲೆ ನೆರಳಿಲ್ಲ. ಅರ್ಧ ತಾಸು? ಒಂದು ತಾಸು ಅಂತೂ ಇಲ್ಲ.

ಎಣಿಸಬಾರದಿತ್ತು. ಎಣಿಸಿದೆ. ಒಂದು ನಮೂನೆ ಸುಖವಾಯಿತು. ಬರೆಯಲಿಕ್ಕೆ ಏನು ನಾಚಿಕೆ, ಓದುವವರು ಯಾರೂ ಇಲ್ಲ.

ಏಪ್ರಿಲ್ 25

ಡಿಪೋದಲ್ಲಿ ಒಂದು ಬಸ್ಸಿನ ಹಾರ್ನ್ ವೈರನ್ನು ಬ್ರೇಕ್ ಲೈಟಿಗೆ ಕೊಟ್ಟೆ. ಬ್ರೇಕ್ ಒತ್ತಿದರೆ ಹಾರ್ನ್. ಎಲ್ಲರೂ ನಕ್ಕರು. ಹನ್ನೆರಡು ವರ್ಷದ ಸರ್ವಿಸಿನಲ್ಲಿ ಹೀಗಾಗಿರಲಿಲ್ಲ.

ಕಣ್ಣ ಮುಂದೆ ಬರುವುದು ಶಿವರಾಜ ಅಲ್ಲ. ಅವನಿಗೇನು, ಸುಟ್ಟರೆ ಮತ್ತೊಂದು ತರುತ್ತಾನೆ. ಕಣ್ಣ ಮುಂದೆ ಬರುವುದು ಮಲಕಾರಿ. ನಟ್ಟನಡುವೆ ಬೆಂಜೊ ನಿಂತುಹೋಗುತ್ತದೆ. ಇಷ್ಟು ದೊಡ್ಡ ಮೆರವಣಿಗೆ ಮೂಕ. ಕೋಲು ಹಿಡಿದ ಹುಡುಗರು, ಹೆಣ್ಣುಮಕ್ಕಳು, ಎಲ್ಲರೂ ತಿರುಗಿ ಟ್ರೇಲರ್ ನೋಡುತ್ತಾರೆ. ಆಂಪ್ಲಿ ಹೊಸದು, ಹಾಗಾದರೆ ತಪ್ಪು ಯಾರದು? ಆ ಕಂಬಳಿ ಹೊಡೆದ ಹಳ್ಳಿ ಬಾಕ್ಸಿನದು. ಕುರಿ ಕಾಯುವವ ಬಾಕ್ಸ್ ಮಾಡಿದರೆ ಹಿಂಗ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅವನು ಬೆಂಜೊದ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಾನೆ.

ಆಮೇಲೆ ನನ್ನ ಹತ್ತಿರ ವಾಪಸು ಬರುತ್ತಾನೆ. ನನಗೆ ಬೇಕಾದದ್ದು ಅದೇ ಅಲ್ಲವೇ?

ಏಪ್ರಿಲ್ 27, ರವಿವಾರ, ಬೆಳಿಗ್ಗೆ

ಸಾವಿತ್ರೆವ್ವ ಬಂದಿದ್ದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಬುತ್ತಿಗಂಟು. ನಿಪ್ಪಾಣಿ ಬಸ್ಸಿಗೆ ಹೊರಟಿದ್ದಳು. ಮಗ ದೂರದ ಊರಿನಲ್ಲಿ ಬಾರಿಸುವುದನ್ನು ಆಕೆ ಒಮ್ಮೆಯೂ ನೋಡಿಲ್ಲ. ಕುರಿ ಬಿಟ್ಟು ಹೋಗಲಿಕ್ಕೆ ಆಗುತ್ತಿರಲಿಲ್ಲ.

"ನೀ ಬರೂದಿಲ್ಲೇನೋ ಯಪ್ಪಾ?"

"ಇಲ್ಲವ್ವಾ, ಕೆಲಸ ಐತಿ."

"ರವಿವಾರ ಏನ ಕೆಲಸೋ. ಬಾ. ನೀ ಇಲ್ಲಂದ್ರ ಅಂವಗ ಕೈ ಓಡೂದಿಲ್ಲ. ಮೊನ್ನೆನೂ ಅಂತಿದ್ದ, ವಿಶ್ವಾಸ ಒಂದ ಮಾತ ಬರತೇನಿ ಅಂದಿದ್ರ ಛಲೋ ಇತ್ತವ್ವಾ ಅಂತ." ಆಮೇಲೆ ಕಾಂಚನಳ ಕಡೆ ತಿರುಗಿ ನಕ್ಕು, "ನನ್ನ ಕಂಬಳಿ ನನಗಿಂತ ಮೊದಲ ನಿಪ್ಪಾಣಿ ನೋಡತು ನೋಡವಾ" ಅಂದಳು.

ಬಸ್ ಬಂತು ಅಂತ ಓಡುತ್ತಲೇ ಹೋದಳು. ಬುತ್ತಿಯಿಂದ ಎರಡು ಶೇಂಗಾ ಹೋಳಿಗೆ ತೆಗೆದು ಕಟ್ಟೆಯ ಮೇಲೆ ಇಟ್ಟು ಹೋಗಿದ್ದಾಳೆ. ಮುಟ್ಟಿಲ್ಲ ಇನ್ನೂ.

ಇಲ್ಲ. ಇದನ್ನು ನಿಲ್ಲಿಸಬೇಕು. ಬೈಕ್ ತೆಗೆಯುತ್ತೇನೆ.

ಏಪ್ರಿಲ್ 28

ನಿನ್ನೆಯದನ್ನು ಬರೆಯಬೇಕು.

ನಿಪ್ಪಾಣಿ ತಲುಪುವಷ್ಟರಲ್ಲಿ ಮೆರವಣಿಗೆ ಶುರುವಾಗಿ ಬಹಳ ಹೊತ್ತಾಗಿತ್ತು. ಊರು ತುಂಬ ನೀಲಿ ಬಾವುಟ. ಬೈಕ್ ಒಂದು ಓಣಿಯಲ್ಲಿ ನಿಲ್ಲಿಸಿ ಓಡಿದೆ. ಓಡುತ್ತ ಕಿವಿ ಕೊಟ್ಟೆ. ದನಿ ಇನ್ನೂ ಇತ್ತು. ನಿಂತಿರಲಿಲ್ಲ. ಎದೆ ಹಗುರಾಯಿತು, ನಿಜವಾಗಿಯೂ ಹಗುರಾಯಿತು. ಹತ್ತಿರ ಹೋದಂತೆ ಕಾಲು ನಿಧಾನವಾದವು.

ಅಷ್ಟು ಜೋರಿರಲಿಲ್ಲ. ನನ್ನ ಆಂಪ್ಲಿಯಲ್ಲಿ ಬರುವ ಅರ್ಧವೂ ಇಲ್ಲ. ಆದರೆ ಎಂಥ ದನಿ ಅದು... ಬೆಂಜೊದ ಒಂದೊಂದು ತಂತಿ ಬೇರೆ ಬೇರೆ ಕೇಳುತ್ತಿತ್ತು. ಕೆಳಗಿನ ಸುರಗಳು ಬಂದು ಹೊಟ್ಟೆಗೆ ತಾಗುತ್ತಿದ್ದವು. ಮಲಕಾರಿಯ ಬೆರಳಿನಲ್ಲಿ ಇಷ್ಟು ಇದೆ ಅಂತ ನನಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷ ಪಕ್ಕದಲ್ಲೇ ಕೂತು ನಾನೇ ಅದನ್ನು ನನ್ನ ಗಿಟಾರಿನ ಜೋರಿನಲ್ಲಿ ಮುಚ್ಚಿಬಿಟ್ಟಿದ್ದೆ. ಜನ ಕುಣಿಯುವುದು ಬಿಟ್ಟು ಟ್ರೇಲರಿನ ಹತ್ತಿರ ಹತ್ತಿರ ಸರಿದು ನಡೆಯುತ್ತಿದ್ದರು, ಕೇಳುತ್ತ.

ಅದು ನಾಲ್ಕು ಓಮಿನ ದನಿಯಲ್ಲ, ಹದಿನಾರರದ್ದು. ಯಾರೋ ಬಾಕ್ಸ್ ಬಿಚ್ಚಿದ್ದಾರೆ. ನಾನು ಹಾಕಿದ ವೈರ್ ಕಿತ್ತಿದ್ದಾರೆ, ಮತ್ತು ಮಲಕಾರಿ ಕೀಳಲು ಬಿಟ್ಟಿದ್ದಾನೆ. ಸುಟ್ಟುಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ ನನಗೆ.

ಚೌಕದಲ್ಲಿ ಶರಬತ್ತು ಹಂಚಲು ನಿಲ್ಲಿಸಿದರು. ಮಲಕಾರಿ ಮೇಲಿನಿಂದ ನೋಡಿದ. ಇಳಿದು ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಬಂದೇನ?"

"ಬಂದ್ನಿ. ಛಲೋ ಆಗಾಕತ್ತೈತಿ."

"ಮೊನ್ನೆ ಶಿವರಾಜ ಮೀಟರ್ ಹಿಡದ ನೋಡಿದ. ನಾಲ್ಕ ತೋರಸ್ತು. ಬಿಚ್ಚಿ ಹದಿನಾರ ಮಾಡಿದ." ನನ್ನ ಮುಖವನ್ನೇ ನೋಡುತ್ತಿದ್ದ. "ಎರಡ ವರ್ಷದ ಹಿಂದಿಂದು, ವಿಶ್ವಾಸನ ತಲಿಯಾಗಿಂದ ಹೋಗಿರತೈತಿ ಅಂದ್ನಿ ಅಂವಗ."

ನನಗೊಂದು ನೆವದ ಬಾಗಿಲು ತೆರೆದಿಟ್ಟಿದ್ದ. ನಾನು ಹೊಕ್ಕೆ. "ಹೌದೋ. ಪೂರಾ ಮರತ್ನಿ. ಖರೇನ ಮರತ್ನಿ."

ಅವನು ಶರಬತ್ತಿನ ಲೋಟವನ್ನು ಕೈಯಲ್ಲಿ ತಿರುಗಿಸಿದ.

"ಮರತಿದ್ರ, ಇಷ್ಟ ದೂರ ಏದುಸುರ ಬಿಟಗೋತ ಯಾಕ ಓಡಿ ಬಂದಿ?"

ಬೆವರು ಒರೆಸಿಕೊಂಡೆ. ಇನ್ನು ಸುಳ್ಳಿಗೆ ಜಾಗ ಇರಲಿಲ್ಲ. "ನಿಲ್ಲಸಾಕ ಬಂದ್ನಿ" ಅಂದೆ. ಕೈ ಹಿಡಿದುಕೊಂಡೆ. "ಮಲಕಾರಿ, ನಿನ್ನಾಣಿ, ನಿಲ್ಲಸಾಕ ಬಂದ್ನಿ."

"ನಿಲ್ಲಸಾಕೋ," ಅಂದ, "ಹೊಗಿ ಏಳೂದ ನೋಡಾಕೋ?"

ಸಿಟ್ಟಿನಿಂದ ಅಂದಿದ್ದರೆ ಏನಾದರೂ ಅನ್ನುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳಿದ ಹಾಗಿತ್ತು. ಕೈ ಬಿಡಿಸಿಕೊಂಡು ಟ್ರೇಲರ್ ಹತ್ತಿದ. ಮೇಲಿನಿಂದ ಶಿವರಾಜ, "ವಿಶ್ವಾಸಣ್ಣಾ, ಮ್ಯಾಲ ಬರ್ರಿ! ಒಂದ ಹಾಡ ನೀವೂ ಬಾರಸ್ರಿ!" ಅಂತ ತನ್ನ ಗಿಟಾರನ್ನೇ ಚಾಚಿದ. ಅವನಿಗೆ ಏನೂ ಗೊತ್ತಿಲ್ಲ. ಮಲಕಾರಿ ಹೇಳಿಲ್ಲ. ಸಾವಿತ್ರೆವ್ವ ಗುಂಪಿನಲ್ಲಿ ನನ್ನನ್ನು ಕಂಡು ಕೈ ಎತ್ತಿ ಕರೆದಳು, ಬುತ್ತಿ ಉಳಿದಿದೆ ಅಂತ ಸನ್ನೆ ಮಾಡಿದಳು.

ಹಾಡು ಶುರುವಾಯಿತು. ತಿರುಗಿ ಬಂದೆ.

ಮೇ 1

ಮಲಕಾರಿಯ ಸುದ್ದಿಯಿಲ್ಲ. ನಾನೂ ಫೋನ್ ಮಾಡಿಲ್ಲ. ಸ್ಟೇಟಸ್ ಕಾಣುತ್ತಿಲ್ಲ. ನನಗೆ ಮಾತ್ರ ಕಾಣದ ಹಾಗೆ ಮಾಡಿದ್ದಾನೋ, ಹಾಕಿಯೇ ಇಲ್ಲವೋ.

ಅಥಣಿ ಬಾಕ್ಸ್ ವಾಪಸು ಕೊಟ್ಟುಬಂದೆ.

ಮೇ 4, ರವಿವಾರ

ಇವತ್ತು ಕಾಂಚನಳಿಗೆ ಎಲ್ಲ ಹೇಳಿದೆ. ಒಳಗೆ ಇಟ್ಟುಕೊಂಡು ವಾರವಾಗಿತ್ತು. ಫೋನಿನಲ್ಲಿ ಅಂದದ್ದು, ಆಮೇಲೆ ಮನಸ್ಸಿಗೆ ಹತ್ತಿದ್ದು, ಸಾವಿತ್ರೆವ್ವ ಬಂದು ಹೋದ ಮೇಲೆ ತಡೆಯಲಾಗದೆ ಬೈಕ್ ಹತ್ತಿದ್ದು. ಮೆಂತ್ಯೆ ಸೋಸುತ್ತ ಕೇಳಿದಳು. ನಡುವೆ ಬಾಯಿ ಹಾಕಲಿಲ್ಲ, ತಮಾಷೆ ಮಾಡಲಿಲ್ಲ.

"ಮಾಡಿದ್ದ ತಪ್ಪು, ಒಪ್ಪತೇನಿ" ಅಂದೆ. "ಆದ್ರ ಕಡೀಕ ನಾ ಹೋದ್ನಿಲ್ಲೋ? ಉಣ್ಣದ ತಿನ್ನದ, ಬಿಸಲಾಗ, ಅಲ್ಲೀತನಕಾ ಹೋದ್ನಿ. ಉಳಸಾಕ ಹೋದಂವಗ ಹೊಗಿ ನೋಡಾಕ ಬಂದಿ ಅಂತಾನಲ್ಲ ಅಂವ. ನೀನರ ಹೇಳು."

ಮೆಂತ್ಯೆಯ ಕಡ್ಡಿ ಬುಟ್ಟಿಗೆ ಹಾಕಿದಳು.

"ಬಸ್ಸಿಗೆ ಹೋದ ಸಾವಿತ್ರೆವ್ವ ಮೆರವಣಿಗಿ ಶುರು ಆಗೂದರಾಗ ಅಲ್ಲಿದ್ಲು. ಬೈಕಿನ ಮ್ಯಾಲ ಹೋದ ನಿಮಗ ಯಾಕ ತಡಾ ಆತು?"

ಚಿಕ್ಕೋಡಿಯಲ್ಲಿ ಚಹಾಕ್ಕೆ ನಿಂತದ್ದು ನಿಜ. ತಲೆ ನೋಯುತ್ತಿತ್ತು. ಒಂದಲ್ಲ, ಎರಡು ಚಹಾ. ಅದನ್ನು ಹೇಳಿದೆ.

"ಅದ ಇರ್ಲಿ" ಅಂದಳು. ಸಿಟ್ಟಿರಲಿಲ್ಲ ಅವಳಿಗೂ. "ಫೋನ ಕಿಸೇದಾಗ ಇತ್ತಲ್ರಿ. ಬೈಕ್ ಹತ್ತೂ ಮೊದಲ ಒಂದ ಫೋನ ಯಾಕ ಮಾಡಲಿಲ್ಲ? ಬಾಕ್ಸ ನಾಲ್ಕ ಐತಿ, ಹಚ್ಚಬ್ಯಾಡ್ರಿ. ಇಷ್ಟ ಮಾತ."

ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ಆಗಿನಿಂದ ಇಲ್ಲೇ ಕೂತಿದ್ದೇನೆ.

ಫೋನ್ ಇತ್ತು. ಚಾರ್ಜ್ ಇತ್ತು. ಅವನ ನಂಬರ್ ಮೇಲೆಯೇ ಇದೆ, ಹುಡುಕಬೇಕಾಗಿಲ್ಲ. ಚಹಾದ ಅಂಗಡಿಯಲ್ಲಿ ಕೈಯಲ್ಲೇ ಹಿಡಿದುಕೊಂಡಿದ್ದೆ, ಟೈಮ್ ನೋಡಿದೆ.

ಮಾಡಲಿಲ್ಲ. ಯಾಕೆಂದರೆ ಗದ್ದಲದಲ್ಲಿ ಅವನಿಗೆ ಕೇಳುತ್ತಿರಲಿಲ್ಲ. ಅಲ್ಲ, ಆಗ ಇನ್ನೂ ಶುರುವಾಗಿರಲಿಲ್ಲ. ಯಾಕೆಂದರೆ ಇಂಥ ಮಾತನ್ನು ಎದುರಿಗೇ ಹೇಳಬೇಕು ಅಂತ... ಅದೂ ಅಲ್ಲ. ಯಾಕೆಂದರೆ ನಾನು —